ಆಟ ಯಾವುದು, ಅದನ್ನ ಮೊದಲು ಹೇಳು

"ಐವತ್ತು ಸಾವಿರದಾಗ ಒಂದ್ ಗೇಮಿಂಗ್ ಪೀಸಿ ಆಗ್ತೈತೇನಲೇ?"

2025ರ ಜೂನ್‌ನಲ್ಲಿ ಹುಬ್ಬಳ್ಳಿಯಿಂದ ಬಂದ ಫೋನು ಅದು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಈಗ ಅವನದು ಸ್ಕೂಟರ್, ಬೈಕುಗಳ ಬಿಡಿಭಾಗದ ಅಂಗಡಿ. ಕಾಲೇಜು ದಿನಗಳಲ್ಲಿ ಸೈಬರ್ ಕೆಫೆಗೆ ದುಡ್ಡು ಸುರಿದು ಕೌಂಟರ್ ಸ್ಟ್ರೈಕ್ ಆಡಿದವನಿಗೆ ನಲವತ್ತರ ಹೊಸ್ತಿಲಲ್ಲಿ ಮತ್ತೆ ಆ ಹುಚ್ಚು ಹತ್ತಿತ್ತು. ನಾನು ಬೆಂಗಳೂರಿನಲ್ಲಿ ಇದ್ದೇನೆ, ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ ಗೊತ್ತು, ನಾಲ್ಕಾರು ಕಂಪ್ಯೂಟರ್ ಜೋಡಿಸಿದ್ದೇನೆ. ಹೀಗಾಗಿ ಕೆಲಸ ನನ್ನ ತಲೆಗೆ ಬಂತು.

"ಯಾವ ಆಟ ಆಡ್ತಿ?" ಅಂದೆ.

"ಎಲ್ಲಾನೂ ಆಡೂದೈತಿ."

"ನಿನ್ನ ಅಂಗಡಿಗೆ ಒಬ್ಬ ಬಂದು, ಗಾಡಿ ಸೌಂಡ್ ಬರ್ತೈತಿ, ಒಂದು ಪಾರ್ಟ್ ಕೊಡು ಅಂದ್ರೆ ಏನ್ ಕೊಡ್ತಿ?"

ಒಂದು ಕ್ಷಣ ಸುಮ್ಮನಾದ. ಆಮೇಲೆ ನಕ್ಕ. ಯಾವ ಗಾಡಿ, ಯಾವ ವರ್ಷದ್ದು ಎಂದು ಕೇಳದೆ ಅವನು ಒಂದು ನಟ್ಟೂ ಎತ್ತಿ ಕೊಡುವವನಲ್ಲ. ಕೊನೆಗೆ ವ್ಯಾಲರಂಟ್‌ನಿಂದ ಶುರುಮಾಡಿ ಹೊಸ ದೊಡ್ಡ ಆಟಗಳವರೆಗೆ ಪಟ್ಟಿ ಹೇಳಿದ.

ಅಗ್ಗದ ಗೇಮಿಂಗ್ ಕಂಪ್ಯೂಟರ್ ಕುರಿತ ಚರ್ಚೆ ಸಾಮಾನ್ಯವಾಗಿ ಎಡವುವುದೇ ಇಲ್ಲಿ. ಯಾವ ಪ್ರೊಸೆಸರ್, ಯಾವ ಕಾರ್ಡ್, ಎಎಂಡಿಯೋ ಇಂಟೆಲ್ಲೋ ಎಂದು ಶುರುಮಾಡುತ್ತೇವೆ. ಆಡುವ ಆಟ ಯಾವುದು, ನೋಡುವ ಪರದೆ ಎಷ್ಟು ದೊಡ್ಡದು ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ತಾನಾಗಿ ತೀರ್ಮಾನವಾಗುತ್ತದೆ.

ವ್ಯಾಲರಂಟ್‌ನಂಥ ಆಟಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ. 2021ರಲ್ಲಿ ಬಂದ ರೈಝನ್ 5 5600ಜಿ ಪ್ರೊಸೆಸರಿನ ಹೊಟ್ಟೆಯಲ್ಲೇ ಇರುವ ಗ್ರಾಫಿಕ್ಸ್ ಸಾಕು. ಸೆಟ್ಟಿಂಗ್ ಇಳಿಸಿದರೆ ಸೆಕೆಂಡಿಗೆ ನೂರು ಫ್ರೇಮ್ ದಾಟುತ್ತದೆ. ಒಂದು ಷರತ್ತಿದೆ. ಇಂಥ ಪ್ರೊಸೆಸರ್ ಮಾಮೂಲಿ ರ್‍ಯಾಮನ್ನೇ ಗ್ರಾಫಿಕ್ಸ್‌ಗೂ ಬಳಸುವುದರಿಂದ 16 ಜಿಬಿಯ ಒಂದೇ ಪಟ್ಟಿ ಹಾಕುವ ಬದಲು 8ರ ಎರಡು ಪಟ್ಟಿ ಹಾಕಬೇಕು. ಅದೇ ದುಡ್ಡಿಗೆ ಎದ್ದು ಕಾಣುವಷ್ಟು ಹೆಚ್ಚು ಫ್ರೇಮ್ ಸಿಗುತ್ತದೆ. ಅಂಗಡಿಯಲ್ಲಿ ಜೋಡಿಸಿ ಕೊಡುವ ಅಗ್ಗದ ಪೀಸಿಗಳಲ್ಲಿ ನಾನು ಪದೇ ಪದೇ ಕಂಡ ತಪ್ಪು ಇದು: ಒಂದೇ ಪಟ್ಟಿ, ಪಕ್ಕದ ಸ್ಲಾಟ್ ಖಾಲಿ.

ಜಿಟಿಎ 5 ಆಡಲು ಹಳೆಯ ಕಾರ್ಡ್ ಆದರೂ ನಡೆಯುತ್ತದೆ. ಪೀಸಿಗೆ ಆ ಆಟ ಬಂದದ್ದೇ 2015ರಲ್ಲಿ. ಹೊಸ ದೊಡ್ಡ ಆಟಗಳ ಕಥೆ ಬೇರೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ಬೆಳಕಿನ ಹಾದಿಯನ್ನೇ ಲೆಕ್ಕ ಹಾಕುವ ರೇ ಟ್ರೇಸಿಂಗ್ ಮಾಡಬಲ್ಲ ಕಾರ್ಡ್ ಕಡ್ಡಾಯ. ಇಲ್ಲದಿದ್ದರೆ ಕಾರ್ಡ್ ಎಷ್ಟೇ ಗಟ್ಟಿಯಿದ್ದರೂ ಆಟ ತೆರೆಯುವುದಿಲ್ಲ. ಅದರ ಕನಿಷ್ಠ ಅಗತ್ಯದ ಪಟ್ಟಿಯಲ್ಲಿದ್ದ ಕಾರ್ಡುಗಳಲ್ಲಿ ರೇಡಿಯಾನ್ ಆರ್‌ಎಕ್ಸ್ 6600 ಕೂಡ ಒಂದು. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಪರದೆಯ ಲೆಕ್ಕ ಇನ್ನೂ ಸರಳ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. 1440 ಸಾಲಿನ ಪರದೆಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ ಹತ್ತಿರ ಹತ್ತಿರ 83 ಲಕ್ಷ. ಸೆಕೆಂಡಿಗೆ ಅರವತ್ತು ಸಲ ಇಷ್ಟೂ ಚುಕ್ಕೆಗೆ ಬಣ್ಣ ಹಚ್ಚುವ ಆಳು ಗ್ರಾಫಿಕ್ಸ್ ಕಾರ್ಡ್. ಪರದೆ ಫುಲ್ ಎಚ್‌ಡಿಯಿಂದ 4ಕೆಗೆ ಏರಿದರೆ ಕೆಲಸ ನಾಲ್ಕು ಪಟ್ಟು. ಗೆಳೆಯನ ಹಾಲ್‌ನಲ್ಲಿ 43 ಇಂಚಿನ 4ಕೆ ಟಿವಿ ಇತ್ತು. "ಮಾನಿಟರ್ ದುಡ್ಡ ಉಳೀತು ಬಿಡು" ಅಂತ ಖುಷಿಯಲ್ಲಿದ್ದ. ಆ ಉಳಿತಾಯವನ್ನು ನಂಬಿ ಕಾರ್ಡ್ ಆರಿಸಿದ್ದರೆ ಬಜೆಟ್ ಎರಡು ಪಟ್ಟಾಗುತ್ತಿತ್ತು. ಟಿವಿಯಲ್ಲೇ ಆಡು, ಆದರೆ ಆಟವನ್ನು ಫುಲ್ ಎಚ್‌ಡಿಗೆ ಇಳಿಸಿ ಆಡು ಎಂದು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು.

ಪೀಸಿಯ ಬದಲು ಬೇರೆ ದಾರಿ ಇಲ್ಲವೇ? ಇದೆ. ಆಟವಷ್ಟೇ ಬೇಕಾದವರಿಗೆ ಕನ್ಸೋಲ್ ಸಲೀಸು. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. ಆ ಬೆಲೆಗೆ ಆ ಶಕ್ತಿಯ ಪೀಸಿ ಅಂದು ಸಾಧ್ಯವೇ ಇರಲಿಲ್ಲ. ಆದರೆ ಅಲ್ಲಿ ಹೊಸ ಆಟ ಒಂದೊಂದಕ್ಕೂ ನಾಲ್ಕೈದು ಸಾವಿರ, ನೆಟ್‌ನಲ್ಲಿ ಜತೆಗೂಡಿ ಆಡಲು ಬಹುತೇಕ ಆಟಗಳಿಗೆ ಚಂದಾ. ಪೀಸಿಯಲ್ಲಿ ಸ್ಟೀಮ್ 2015ರಿಂದ ರೂಪಾಯಿಯಲ್ಲೇ ಮಾರುತ್ತದೆ, ರಿಯಾಯಿತಿ ಹಬ್ಬಗಳಲ್ಲಿ ಹಳೆಯ ಆಟ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ. ಎಪಿಕ್ ಅಂಗಡಿ 2018ರ ಡಿಸೆಂಬರಿನಿಂದ ಪುಕ್ಕಟೆ ಆಟ ಹಂಚುತ್ತಲೇ ಇದೆ. ಜತೆಗೆ ಅಂಗಡಿಯ ಟ್ಯಾಲಿ ಲೆಕ್ಕ ಕನ್ಸೋಲ್‌ನಲ್ಲಿ ಬರೆಯಲಾಗದು. ಲ್ಯಾಪ್‌ಟಾಪಿನ ಮಾತು ಬೇಡ. ಐವತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಬೇಸಿಗೆಯ ಹುಬ್ಬಳ್ಳಿಯಲ್ಲಿ ತೊಡೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡ ಹಾಗೆ.

ನಮ್ಮಲ್ಲಿ ಇದು ಯಾಕೆ ಇಷ್ಟು ತುಟ್ಟಿ ಎಂಬ ಪ್ರಶ್ನೆಯನ್ನು ಅವನೂ ಕೇಳಿದ. ಅವನ ಧಂದೆಯ ಭಾಷೆಯಲ್ಲೇ ಹೇಳಿದೆ. ಆರ್‌ಟಿಎಕ್ಸ್ 5060 ಕಾರ್ಡಿಗೆ ಕಂಪನಿ ಹಚ್ಚಿದ ಬೆಲೆ 299 ಡಾಲರ್. ಡಾಲರಿಗೆ ಆಗಿನ 85 ರೂಪಾಯಿ ಹಿಡಿದರೆ 25,415. ಅದರ ಮೇಲೆ ಶೇ 18 ಜಿಎಸ್‌ಟಿ. ಅಲ್ಲಿಗೇ ಮೂವತ್ತು ಸಾವಿರ. ಆಮದುದಾರ, ವಿತರಕ, ಅಂಗಡಿಯವನ ಪಾಲು ಇನ್ನೂ ಹಾಕಿಲ್ಲ. ವಿಪರ್ಯಾಸ ನೋಡಿ, ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಚಿಪ್ಪಿನ ತಲೆಕೆಲಸದಲ್ಲಿ ನಮ್ಮವರ ಪಾಲು ದೊಡ್ಡದು, ಆದರೆ ಅದು ಅಚ್ಚಾಗುವುದು ಮುಖ್ಯವಾಗಿ ತೈವಾನಿನಲ್ಲಿ, ಮಾರಾಟವಾಗುವುದು ಡಾಲರಿನಲ್ಲಿ. ಊರಲ್ಲೇ ಹುಟ್ಟಿದ ಮಗು ವಿಮಾನದಲ್ಲಿ ಬಂದು ಎಸ್.ಪಿ. ರಸ್ತೆಯಲ್ಲಿ ಇಳಿದ ಹಾಗೆ.

ಆ ರಸ್ತೆಗೆ ಹೋಗೋಣ. ಟೌನ್‌ಹಾಲ್ ದಾಟಿ ಒಳಗೆ ನುಗ್ಗಿದರೆ ಕೇಬಲ್ಲು, ಕೀಬೋರ್ಡು, ಸಿಸಿಟಿವಿ ಕ್ಯಾಮೆರಾಗಳ ನಡುವೆ ಭುಜ ಓರೆಮಾಡಿಯೇ ನಡೆಯಬೇಕು. ದಿಲ್ಲಿಗೆ ನೆಹರೂ ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಇದ್ದಂತೆ ನಮಗೆ ಇದು. ಗೆಳೆಯ ರಾತ್ರಿ ರೈಲು ಹತ್ತಿ ಬಂದೇಬಿಟ್ಟಿದ್ದ. ಬಂದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅಂದಿನ ಮುಖ್ಯ ಪಾಠ ಅವನಿಂದಲೇ ಬಂತು.

ಒಂದು ಅಂಗಡಿಯಲ್ಲಿ ಎಸ್‌ಎಂಪಿಎಸ್ ಕೇಳಿದೆವು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹದಕ್ಕೆ ಇಳಿಸುವ ಡಬ್ಬ. ಎರಡನ್ನು ಮುಂದಿಟ್ಟರು. ಒಂದಕ್ಕೆ 900 ರೂಪಾಯಿ, ಮೈಮೇಲೆ '450 ವ್ಯಾಟ್' ಎಂದು ದೊಡ್ಡ ಅಕ್ಷರ. ಇನ್ನೊಂದು 3,800ರದ್ದು, 550 ವ್ಯಾಟ್, 80 ಪ್ಲಸ್ ಬ್ರಾಂಜ್ ಮುದ್ರೆ. ಗೆಳೆಯ ಎರಡನ್ನೂ ಎರಡು ಅಂಗೈ ಮೇಲಿಟ್ಟು ತೂಗಿದ. "ಇದು ಡೂಪ್ಲಿಕೇಟ್ ಲೇ, ಒಳಗ ಏನೂ ಇಲ್ಲ" ಅಂದ. ಕ್ಲಚ್ ಪ್ಲೇಟನ್ನು ಹೀಗೆಯೇ ತೂಗಿ ಅಸಲಿ ನಕಲಿ ಹೇಳುವ ಕೈ ಅದು. ನಾನು ಅಡಿಗೆ ಅಂಟಿಸಿದ ಚೀಟಿ ಓದಿ ತೋರಿಸಿದೆ: 12 ವೋಲ್ಟಿನ ಸಾಲಿನಲ್ಲಿ 16 ಆಂಪ್. ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕುಡಿಯುವುದು ಈ ಸಾಲಿನಿಂದಲೇ. ಮೇಲೆ ಬರೆದ 450 ಎಂಬುದು ಅವರ ಆಸೆ. ಅವನ ಅಂಗೈ ಹೇಳಿದ್ದನ್ನೇ ಚೀಟಿಯೂ ಹೇಳುತ್ತಿತ್ತು.

ಅಗ್ಗದ ಪೀಸಿಯಲ್ಲಿ ದುಡ್ಡು ಉಳಿಸಬಾರದ ಜಾಗ ಒಂದಿದ್ದರೆ ಅದು ಈ ಡಬ್ಬವೇ. ಪ್ರೊಸೆಸರ್ ಕಮ್ಮಿಯಾದರೆ ನಾಲ್ಕು ಫ್ರೇಮ್ ಇಳಿಯುತ್ತವೆ. ಎಸ್‌ಎಂಪಿಎಸ್ ಕೆಟ್ಟದಿದ್ದರೆ ಹೋಗುವಾಗ ಕಾರ್ಡು, ಬೋರ್ಡು ಎಲ್ಲವನ್ನೂ ಜತೆಗೆ ಕರೆದುಕೊಂಡು ಹೋಗುತ್ತದೆ. ಉಳಿಸಬಹುದಾದ ಜಾಗಗಳು ಬೇರೆ ಇವೆ: ಬಣ್ಣಬಣ್ಣದ ದೀಪ, ಗಾಜಿನ ಬಾಗಿಲು, ನೀರಿನ ಕೂಲರ್. ರೈಝನ್ 5 5600ರಂಥ 65 ವ್ಯಾಟಿನ ಪ್ರೊಸೆಸರಿಗೆ ಡಬ್ಬಿಯಲ್ಲೇ ಬರುವ ಫ್ಯಾನ್ ಸಾಕೇ ಸಾಕು.

ಅಂದಿನ ನಮ್ಮ ಚೀಟಿ ಹೀಗಿತ್ತು. ರೈಝನ್ 5 5600 ಪ್ರೊಸೆಸರ್ 9,000. ಬಿ450 ಬೋರ್ಡ್ 5,500. 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್ 3,200. ಒಂದು ಟಿಬಿ ಎಸ್‌ಎಸ್‌ಡಿ 4,600. ಆರ್‌ಎಕ್ಸ್ 6600 ಕಾರ್ಡ್ 20,500. ಎಸ್‌ಎಂಪಿಎಸ್ 3,800. ಕ್ಯಾಬಿನೆಟ್ 2,600. ಒಟ್ಟು 49,200. ಐದರಲ್ಲಿ ಎರಡು ಪಾಲು ಕಾರ್ಡಿಗೇ ಹೋಗಿದೆ ನೋಡಿ; ಗೇಮಿಂಗ್ ಪೀಸಿಯಲ್ಲಿ ಅದು ಸರಿಯಾದ ಹಂಚಿಕೆ. ಅಂಗಡಿಯಲ್ಲಿ 'ಐ7 ಪ್ರೊಸೆಸರ್' ಎಂದು ಬೋರ್ಡು ಹಾಕಿ ಒಳಗೆ ಎರಡು ಸಾವಿರದ ಕಾರ್ಡ್ ಇಟ್ಟು ಮಾರುವ ಪೀಸಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮೋಸ ಎಲ್ಲಿದೆ ಎಂದು ತಿಳಿಯುತ್ತದೆ.

ಎಎಂಡಿಯ ಹಳೆಯ ಎಎಂ4 ಸಾಕೆಟ್ಟನ್ನೇ ಯಾಕೆ ಆರಿಸಿದೆ ಎಂದು ತಿಳಿದವರು ಕೇಳಬಹುದು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಮುಂದಿನ ಹಲವು ವರ್ಷಕ್ಕೆ ದಾರಿ ಬಿಟ್ಟುಕೊಡುತ್ತದೆ, ನಿಜ. ಆದರೆ ಅದಕ್ಕೆ ಡಿಡಿಆರ್5 ಕಡ್ಡಾಯ, ಬೋರ್ಡೂ ತುಟ್ಟಿ. ಆ ಹೆಚ್ಚಿನ ಎಂಟು ಹತ್ತು ಸಾವಿರ ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕಾಗುತ್ತಿತ್ತು. ಮುಂದೆ ಯಾವಾಗಲೋ ಮಾಡುವ ಅಪ್‌ಗ್ರೇಡ್ ನೆಪದಲ್ಲಿ ಇವತ್ತಿನ ಆಟ ಕೆಡಿಸಿಕೊಳ್ಳುವುದು ನನಗೆ ಒಪ್ಪುವ ಮಾತಲ್ಲ. ನನಗೆ ಗೊತ್ತಿರುವ ಹತ್ತು ಜನರಲ್ಲಿ ಎಂಟು ಜನ ಪ್ರೊಸೆಸರನ್ನು ಎಂದೂ ಬದಲಿಸಿಲ್ಲ.

ಬಿಲ್ಲಿನ ಮಾತು ಬಂದಾಗ ಅಂಗಡಿಯವರು ದನಿ ತಗ್ಗಿಸಿದರು. "ಬಿಲ್ ಬೇಡ ಅಂದ್ರೆ ನೋಡಿ ಸಾರ್, ಸ್ವಲ್ಪ ಹೊಂದಿಸಿಕೊಡ್ತೀನಿ." ಕಾರ್ಡಿಗೆ ಮೂರು ವರ್ಷ ವಾರಂಟಿ. ಕೆಲವು ಕಂಪನಿಗಳು ಸೀರಿಯಲ್ ನಂಬರ್ ನೋಡಿ ರಿಪೇರಿಗೆ ತೆಗೆದುಕೊಳ್ಳುತ್ತವೆ, ಕೆಲವು ಬಿಲ್ಲೇ ಬೇಕೆನ್ನುತ್ತವೆ. ಬೇಡ, ಬಿಲ್ ಹಾಕಿ ಅಂದೆವು.

ಸೆಕೆಂಡ್‌ಹ್ಯಾಂಡ್ ದಾರಿಯನ್ನು ಮುಟ್ಟದೆ ಈ ವಿಷಯ ಪೂರ್ತಿಯಾಗದು. ನಿಜವಾದ ಉಳಿತಾಯ ಇರುವುದೇ ಅಲ್ಲಿ, ಗುಂಡಿ ಇರುವುದೂ ಅಲ್ಲೇ. 2020-21ರಲ್ಲಿ ಇಥೀರಿಯಂ ನಾಣ್ಯ ಗಣಿಗಾರಿಕೆಗೆಂದು ಜನ ಕಾರ್ಡುಗಳನ್ನು ಮೂಟೆಗಟ್ಟಲೆ ಕೊಂಡು ಹಗಲೂ ರಾತ್ರಿ ಓಡಿಸಿದರು. ಆಟ ಆಡುವವರಿಗೆ ಆಗ ದುಪ್ಪಟ್ಟು ಕೊಟ್ಟರೂ ಕಾರ್ಡ್ ಸಿಗುತ್ತಿರಲಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ವಿಧಾನವನ್ನೇ ಬದಲಿಸಿತು, ಗಣಿ ಒಂದೇ ದಿನಕ್ಕೆ ಮುಚ್ಚಿತು, ಆ ಕಾರ್ಡುಗಳೆಲ್ಲ ಹಳೆ ಮಾರುಕಟ್ಟೆಗೆ ಉರುಳಿದವು. ಅವೆಲ್ಲ ಕೆಟ್ಟವೆಂದಲ್ಲ. ಸವೆಯುವುದು ಹೆಚ್ಚಾಗಿ ಫ್ಯಾನು, ಒಣಗುವುದು ಥರ್ಮಲ್ ಪೇಸ್ಟು, ಎರಡೂ ಬದಲಿಸಬಹುದಾದವು. ಆದರೆ ಎದುರಿಗೆ ಕೂತು ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬಾರದು.

ಇದಕ್ಕಿಂತ ಕೆಟ್ಟದ್ದು ವೇಷ ಹಾಕಿದ ಕಾರ್ಡುಗಳು. ಯಾವುದೋ ಓಬೀರಾಯನ ಕಾಲದ ಕಾರ್ಡಿನ ಬಯೋಸ್ ಎಂಬ ಒಳ ತಂತ್ರಾಂಶ ತಿದ್ದಿ ಅದು ತನ್ನನ್ನು 1050 ಟಿಐ ಎಂದು ಕರೆದುಕೊಳ್ಳುವ ಹಾಗೆ ಮಾಡಿರುತ್ತಾರೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ 2018ರಿಂದ ಇಂಥವನ್ನು ಹಿಡಿದು ಹೆಸರಿನ ಮುಂದೆಯೇ 'ನಕಲಿ' ಎಂದು ತೋರಿಸುತ್ತದೆ. ಹೊಸದೆಂದು ಆನ್‌ಲೈನಿನಲ್ಲಿ ಮಾರುವ ಆರ್‌ಎಕ್ಸ್ 580 ನೋಡಿದರೂ ಒಮ್ಮೆ ನಿಲ್ಲಿ. ಆ ಕಾರ್ಡು 2017ರದ್ದು. ಹೆಸರಿನ ಕೊನೆಗೆ 2048ಎಸ್‌ಪಿ ಎಂದಿದ್ದರೆ ಅದು ಒಳಗಿನಿಂದ 570.

ಬೆಂಗಳೂರಿನಲ್ಲಿರುವ ಇನ್ನೊಂದು ದಾರಿ ಐಟಿ ಕಂಪನಿಗಳು ಕಳಚಿ ಹಾಕುವ ಆಫೀಸ್ ಡಬ್ಬಗಳು. ನಾಲ್ಕು ಕೋರಿನ ಐ5 ಇರುವ ಡೆಲ್, ಎಚ್‌ಪಿ ಪೆಟ್ಟಿಗೆ ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತದೆ. ಅದಕ್ಕೆ ಬೇರೆ ತಂತಿ ಬೇಡದ 75 ವ್ಯಾಟಿನ ಜಿಟಿಎಕ್ಸ್ 1650 ಹಾಕಿದರೆ ಇಪ್ಪತ್ತೈದು ಸಾವಿರದೊಳಗೆ ವ್ಯಾಲರಂಟ್, ಜಿಟಿಎ ಎರಡೂ ನಡೆಯುತ್ತವೆ. ಕಾಲೇಜು ಹುಡುಗರಿಗೆ ನಾನು ಇದನ್ನೇ ಹೇಳುವುದು. ಆದರೆ ಆ ಪೆಟ್ಟಿಗೆಗಳ ಎಸ್‌ಎಂಪಿಎಸ್ ಪಿನ್ನುಗಳು ಕಂಪನಿಯ ಸ್ವಂತದವು, ಮುಂದೆ ಬದಲಿಸಲು ಹೋದರೆ ಹೊಂದುವುದಿಲ್ಲ. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ನನಗಾಗಿ ಆಗಿದ್ದರೆ ಹಳೆಯ ಕಾರ್ಡನ್ನೇ ಕೊಳ್ಳುತ್ತಿದ್ದೆ, ಏಳೆಂಟು ಸಾವಿರ ಉಳಿಯುತ್ತಿತ್ತು. ಗೆಳೆಯನಿಗೆ ಮಾತ್ರ ಬೇಡವೆಂದೆ. ನಾನೂರು ಕಿಲೋಮೀಟರ್ ಆಚೆ ಅದು ಆರು ತಿಂಗಳಿಗೆ ಕೆಟ್ಟರೆ ಆ ಕಾರ್ಡನ್ನು ಆರಿಸಿದವನು ನಾನು.

ಜೋಡಣೆ ಹುಬ್ಬಳ್ಳಿಯ ಅವನ ಮನೆಯ ನೆಲದ ಮೇಲೆ. ಪ್ರೊಸೆಸರಿನ ಮೂಲೆಯಲ್ಲಿ ಚಿಕ್ಕದೊಂದು ಚಿನ್ನದ ಬಣ್ಣದ ತ್ರಿಕೋನ ಇರುತ್ತದೆ, ಸಾಕೆಟ್ಟಿನ ಮೇಲೂ ಅಂಥದೇ ಗುರುತು. ಎರಡನ್ನೂ ಸೇರಿಸಿ ಇಟ್ಟರೆ ಸಾವಿರಕ್ಕೂ ಹೆಚ್ಚು ಪಿನ್ನುಗಳು ತಾವಾಗಿ ಇಳಿಯುತ್ತವೆ, ಒತ್ತಿದರೆ ಬಾಗುತ್ತವೆ. ಮೊದಲ ಸಲ ಇಟ್ಟಾಗ ಗೆಳೆಯ ಉಸಿರು ಹಿಡಿದಿದ್ದ. ರ್‍ಯಾಮ್ ಪಟ್ಟಿಗಳು ಎರಡು ಮತ್ತು ನಾಲ್ಕನೇ ಸ್ಲಾಟಿಗೆ. ಟಕ್ ಎಂದು ಕೊಂಡಿ ಕೂತ ಸದ್ದು ಅವನಿಗೆ ತುಂಬಾ ಹಿಡಿಸಿತು.

ಎಲ್ಲ ಮುಗಿಸಿ ಬಟನ್ ಒತ್ತಿದೆವು. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು.

ನಾನು ಮೊದಲು ನೋಡಿದ್ದು ಎಚ್‌ಡಿಎಂಐ ತಂತಿ. ಕಾರ್ಡಿಗೆ ಸಿಕ್ಕಿಸುವ ಬದಲು ಬೋರ್ಡಿಗೆ ಸಿಕ್ಕಿಸಿ ಗಾಬರಿಯಾಗುವವರು ತುಂಬ ಜನ. ಅದು ಸರಿಯಿತ್ತು. ರ್‍ಯಾಮ್ ತೆಗೆದು ಹಾಕಿದೆ. ಇಲ್ಲ. ಬೋರ್ಡಿನ ಡಬ್ಬಿಯ ಮೇಲಿನ ದಿನಾಂಕ ನೋಡಿದಾಗ ಹೊಳೆಯಿತು. ಬಿ450 ಚಿಪ್‌ಸೆಟ್ 2018ರದ್ದು, ರೈಝನ್ 5600 ಬಂದದ್ದು 2022ರಲ್ಲಿ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಬೋರ್ಡಿನ ಬಯೋಸಿಗೆ ಈ ಪ್ರೊಸೆಸರಿನ ಪರಿಚಯವೇ ಇಲ್ಲ. "ಅಪ್‌ಡೇಟ್ ಆಗಿದೆ ಸಾರ್" ಎಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿ, ಡಬ್ಬಿಯ ಮೇಲೆ ಹಾಗೆಂದು ಹೇಳುವ ಸ್ಟಿಕ್ಕರ್ ಇದೆಯೇ ಎಂದು ನೋಡದೆ ತಂದಿದ್ದು ನನ್ನ ತಪ್ಪು. ಐನೂರು ರೂಪಾಯಿ ಹೆಚ್ಚು ಕೊಟ್ಟು, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬುವ ಬಟನ್ ಇರುವ ಬೋರ್ಡ್ ತಂದಿದ್ದರೆ ಆ ದಿನ ಹಾಳಾಗುತ್ತಿರಲಿಲ್ಲ. ಮರುದಿನ ಅಲ್ಲಿನ ಒಬ್ಬ ರಿಪೇರಿಯವರ ಬಳಿ ಹಳೆಯ ರೈಝನ್ 3 ಸಿಕ್ಕಿತು. ಅದನ್ನು ಹಾಕಿ, ಬಯೋಸ್ ತುಂಬಿ, ತೆಗೆದು, ನಮ್ಮದನ್ನು ಮತ್ತೆ ಕೂರಿಸಿದ್ದಾಯಿತು. ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ ಮತ್ತು ಒಂದು ಚಹಾ.

ಪರದೆ ಬೆಳಗಿದ ಮೇಲೆ ಗೆಳೆಯ ಕ್ಯಾಬಿನೆಟ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಜುಂ ಎಂದಿತಂತೆ. ಹಳೆಯ ಮನೆ, ಸಾಕೆಟ್ಟಿನಲ್ಲಿ ಮೂರನೇ ತೂತಿದೆ, ಹಿಂದೆ ತಂತಿ ಇಲ್ಲ. ಅರ್ಥಿಂಗ್ ಇಲ್ಲದಿದ್ದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸಣ್ಣ ಪ್ರಮಾಣದ ಕರೆಂಟು ಲೋಹದ ಮೈಗೆ ಸೋರುತ್ತದೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದ ಖರ್ಚು ಯಾವ ಬಜೆಟ್ ಪಟ್ಟಿಯಲ್ಲೂ ಇರುವುದಿಲ್ಲ. ಹಾಗೆಯೇ ಯುಪಿಎಸ್. ಮನೆಯಲ್ಲಿದ್ದ ಹಳೆಯದು ಈ ಭಾರಕ್ಕೆ ಸಾಲಲಿಲ್ಲ. ಆಟದ ನಡುವೆ ಕರೆಂಟ್ ಹೋದರೆ ಪೀಸಿಯೂ ಜತೆಗೇ ಹೋಗುತ್ತಿತ್ತು. ಹೊಸದಕ್ಕೆ 5,500. ಕೀಬೋರ್ಡ್, ಮೌಸ್ 1,200. ತಿಂಗಳೊಳಗೆ ಅವನಿಗೇ ಟಿವಿ ಬೇಜಾರಾಗಿ 24 ಇಂಚಿನ ಮಾನಿಟರ್ 8,000. ಐವತ್ತು ಸಾವಿರದ ಪೀಸಿ ಅರ್ಥಿಂಗ್ ಬಿಟ್ಟು 63,900ಕ್ಕೆ ಮುಟ್ಟಿತು. ಯಾರಾದರೂ ಬಜೆಟ್ ಹೇಳಿದರೆ ಅದರಲ್ಲಿ ಮಾನಿಟರ್, ಯುಪಿಎಸ್ ಸೇರಿದೆಯೇ ಎಂದು ಈಗ ಮೊದಲೇ ಕೇಳಿಬಿಡುತ್ತೇನೆ.

ಅವನ ತಾಯಿಯ ಚಿಂತೆ ಬೇರೆ. "ತಮ್ಮಾ, ಇದಕ್ಕ ಕರೆಂಟ್ ಎಷ್ಟ ಬೇಕು? ಗೃಹಜ್ಯೋತಿ ಹೋಗ್ತೈತೇನು?" ಬಹಳ ಸರಿಯಾದ ಪ್ರಶ್ನೆ, ಯಾವ ವಿಮರ್ಶಕನೂ ಕೇಳದ್ದು. ಆಡುವಾಗ ಮಾನಿಟರೂ ಸೇರಿ 280 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 25 ಯೂನಿಟ್. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಪುಕ್ಕಟೆ ಸಿಗುವ ಕರೆಂಟು ಮನೆಯ ಹಳೆಯ ಸರಾಸರಿ, ಅದರ ಮೇಲೆ ಶೇ 10. ಅವರ ಸರಾಸರಿ 70ರ ಆಸುಪಾಸು, ಅಂದರೆ ಮಿತಿ 77. ಹೆಚ್ಚಾದ 18 ಯೂನಿಟ್ಟಿಗೆ ಆರು ರೂಪಾಯಿಯಂತೆ ನೂರು ರೂಪಾಯಿ ಚಿಲ್ಲರೆ. ಇನ್ನೂರು ದಾಟಿದರೆ ಮಾತ್ರ ಇಡೀ ಬಿಲ್ ಕಟ್ಟಬೇಕು, ಅಲ್ಲಿಗೆ ಹೋಗುವುದಿಲ್ಲ ಅಮ್ಮಾ ಎಂದೆ. ಅಷ್ಟಾದರೂ ಅವರು ಒಂಬತ್ತೂವರೆಗೆ ಮೇನ್ ಸ್ವಿಚ್ ಆರಿಸುವ ಬೆದರಿಕೆ ಬಿಟ್ಟಿಲ್ಲ.

ವಿಂಡೋಸ್ ಪರವಾನಗಿಗೆ ಅಂಗಡಿಯಲ್ಲಿ ಹತ್ತು ಸಾವಿರ ಹೇಳುತ್ತಾರೆ. ಲಿನಕ್ಸ್ ಪುಕ್ಕಟೆ, 2018ರಲ್ಲಿ ವಾಲ್ವ್ ತಂದ ಪ್ರೋಟಾನ್‌ನಿಂದ ಸ್ಟೀಮಿನ ಬಹುಪಾಲು ಆಟ ಅದರಲ್ಲೂ ಓಡುತ್ತವೆ. ಆದರೆ ಗೆಳೆಯನ ಪಟ್ಟಿಯಲ್ಲಿ ಮೊದಲು ಇದ್ದ ವ್ಯಾಲರಂಟ್ ಲಿನಕ್ಸಿನಲ್ಲಿ ಓಡುವುದಿಲ್ಲ. ಇಲ್ಲೂ ಆಟವೇ ತೀರ್ಪು ಹೇಳಿತು.

ಇಷ್ಟು ಬರೆಯುವ ಹೊತ್ತಿಗೆ ಆ ಚೀಟಿ ಹಳತಾಗಿದೆ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಎರಡು ಮೂರು ಪಟ್ಟು ಏರಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಯಂತ್ರಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು, ಹಾಗಾಗಿ ಕಾರ್ಖಾನೆಗಳು ಅತ್ತ ತಿರುಗಿವೆ. ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನು ಮುಚ್ಚುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಅಂದು ನಾಣ್ಯದ ಗಣಿ ಕಾರ್ಡನ್ನು ನುಂಗಿತು, ಇಂದು ಎಐ ರ್‍ಯಾಮನ್ನು ನುಂಗುತ್ತಿದೆ. ಗೆಳೆಯ ಈಗ ಕೇಳಿದ್ದರೆ ಅದೇ ದುಡ್ಡಿಗೆ ಅದೇ ಪೀಸಿ ಆಗುತ್ತಿರಲಿಲ್ಲ. ಹಳೆಯ ಪ್ರೊಸೆಸರ್, ಬೋರ್ಡ್, ರ್‍ಯಾಮ್ ಒಟ್ಟಿಗೆ ಇರುವ ಸೆಕೆಂಡ್‌ಹ್ಯಾಂಡ್ ಸೆಟ್ ಹುಡುಕಿ, ಕಾರ್ಡು ಮತ್ತು ಎಸ್‌ಎಂಪಿಎಸ್ ಮಾತ್ರ ಹೊಸದು ಕೊಳ್ಳೋಣ ಎನ್ನುತ್ತಿದ್ದೆ.

ನಿಮ್ಮ ಅಟ್ಟದ ಮೇಲೋ ಆಫೀಸಿನ ಮೂಲೆಯಲ್ಲೋ ಕೆಟ್ಟು ಕೂತ ಸಿಪಿಯು ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಪಕ್ಕದ ಬಾಗಿಲು ಬಿಚ್ಚಿ ನೋಡಿ. ಒಳಗೆ ಡಿಡಿಆರ್4 ರ್‍ಯಾಮ್ ಪಟ್ಟಿ ಇದ್ದರೆ ತೆಗೆದಿಟ್ಟುಕೊಳ್ಳಿ; ಪೀಸಿ ಜೋಡಿಸಲು ಹೊರಟ ಯಾವುದಾದರೂ ಹುಡುಗ ಸಿಕ್ಕರೆ ಅವನಿಗೆ ಕೊಡಿ.